ಇನ್ನೂರು ಮೀಟರಿನಾಚೆ: ಕಾಯ್ದೆಯ ಪಠ್ಯ ಮತ್ತು ನಮ್ಮ ಕೇರಿಯ ಹೆಣ್ಣುಮಕ್ಕಳು

1

ನಾನು ಕಾಲೇಜು ಓದಿದ್ದು ಮನಿಆರ್ಡರಿನ ಮೇಲೆ. ತಿಂಗಳ ಎರಡನೇ ವಾರ ಸಾಂಗ್ಲಿಯಿಂದ ಬರುತ್ತಿತ್ತು. ಕಳಿಸುತ್ತಿದ್ದವಳು ನಮ್ಮ ದೊಡ್ಡವ್ವ, ಅವ್ವನ ಅಕ್ಕ. ಸಣ್ಣಾಕಿ ಇದ್ದಾಗ ತಲೆಯಲ್ಲಿ ಜಡೆ ಗಂಟುಕಟ್ಟಿತೆಂದು, ಎಲ್ಲಮ್ಮ ಕೇಳ್ಯಾಳೆಂದು, ಆಕೆಗೆ ಮುತ್ತು ಕಟ್ಟಿದ್ದರು. ಊರ ದೊಡ್ಡಮನೆಯವನೊಬ್ಬ ಐದಾರು ವರ್ಷ ಇಟ್ಟುಕೊಂಡು ಬಿಟ್ಟ. ಆಮೇಲೆ ಕೇರಿಯ ಇನ್ನಿಬ್ಬರು ಹೆಂಗಸರ ಬೆನ್ನುಹತ್ತಿ ಆಕೆ ಸಾಂಗ್ಲಿಯ ಬಸ್ಸು ಹತ್ತಿದಳು. ಬೆಳಗಾವಿ, ವಿಜಾಪುರ ಕಡೆಯ ನಮ್ಮ ಕೇರಿಗಳಲ್ಲಿ ಸಾಂಗ್ಲಿ, ಮಿರಜ್, ಮುಂಬಯಿ ಎಂದರೆ ಯಾವ ಮನೆಯ ಯಾವ ಮಗಳು ಎಲ್ಲಿದ್ದಾಳೆಂಬ ಲೆಕ್ಕ ಅಷ್ಟೆ.

ಮನಿಆರ್ಡರ್ ಫಾರ್ಮಿನ ಕೆಳಗಿನ ಚೂರಿನಲ್ಲಿ ಯಾರ ಕೈಯಿಂದಲೋ ಬರೆಸಿದ ಒಂದು ಸಾಲು ಇರುತ್ತಿತ್ತು. ಹುಷಾರಾಗಿರು, ಪುಸ್ತಕ ತಗೋ. ಹಾಸ್ಟೆಲ್ಲಿನ ಗೆಳೆಯರು ಕೇಳಿದರೆ ನಮ್ಮ ದೊಡ್ಡವ್ವ ಸಾಂಗ್ಲಿಯ ಅರಿಷಿಣದ ವಖಾರಿಯಲ್ಲಿ ಕೆಲಸ ಮಾಡ್ತಾಳ ಅನ್ನುತ್ತಿದ್ದೆ. ಸಾಂಗ್ಲಿಗೆ ಅರಿಷಿಣದ ಪೇಟೆಯ ಹೆಸರಿದ್ದುದರಿಂದ ಆ ಸುಳ್ಳು ನಡೆಯುತ್ತಿತ್ತು.

ಬಹಳ ವರ್ಷಗಳ ಮೇಲೆ ಕೇರಿಯ ಹೆಣ್ಣುಮಗಳೊಬ್ಬಳ ಜಾಮೀನಿನ ಕೆಲಸಕ್ಕಾಗಿ ವಕೀಲರೊಬ್ಬರ ಕಚೇರಿಯಲ್ಲಿ ಕೂತು ಕಾಯ್ದೆಯ ಪುಸ್ತಕ ತಿರುವುತ್ತಿದ್ದೆ. 4ನೇ ಕಲಮು ಕಣ್ಣಿಗೆ ಬಿತ್ತು. ಹದಿನೆಂಟು ತುಂಬಿದ ಯಾರೇ ಆಗಲಿ, ಇನ್ನೊಬ್ಬರ ವೇಶ್ಯಾವೃತ್ತಿಯ ಗಳಿಕೆಯ ಮೇಲೆ ಪೂರ್ತಿಯಾಗಿ ಇಲ್ಲವೆ ಭಾಗಶಃ ಗೊತ್ತಿದ್ದೂ ಬದುಕಿದರೆ ಎರಡು ವರ್ಷದವರೆಗೆ ಸಜೆ, ಇಲ್ಲವೆ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಬಿ.ಎ. ಮೊದಲ ವರ್ಷದಲ್ಲಿ ನನಗೆ ಹದಿನೆಂಟು ತುಂಬಿತ್ತು. ಗಳಿಕೆ ಎಲ್ಲಿಯದೆಂದು ನನಗೆ ಗೊತ್ತಿತ್ತು. ಅಂದರೆ ಕಾಯ್ದೆಯ ಕಣ್ಣಲ್ಲಿ ನಾನು ಕಲಿತ ಅಕ್ಷರವೇ ಅಪರಾಧದ ಫಲ. ಈ ಲೇಖನವನ್ನೂ ಅದೇ ಅಕ್ಷರದಲ್ಲಿ ಬರೆಯುತ್ತಿದ್ದೇನೆ.

ಇದಕ್ಕಿಂತ ದೊಡ್ಡ ತಪ್ಪೊಂದು ನನ್ನದಿದೆ. ಹಿಂದೊಮ್ಮೆ ಇಂಥದೇ ಒಂದು ಸಣ್ಣ ಪತ್ರಿಕೆಗೆ ನನ್ನ ಬಾಲ್ಯದ ಬಗ್ಗೆ ಬರೆದೆ. ಅವ್ವ ಕಳೆ ಕಿತ್ತು ನನ್ನ ಫೀ ಕಟ್ಟಿದಳೆಂದು ಬರೆದೆ. ಓದಿದವರು ಕಣ್ಣೀರು ಹಾಕಿ ಪತ್ರ ಬರೆದರು. ಅವ್ವ ಕಳೆ ಕಿತ್ತದ್ದು ನಿಜ. ಫೀ ಕಟ್ಟಿದ್ದು ದೊಡ್ಡವ್ವ. ಆಕೆಯ ಒಂದು ಮಾತೂ ಆ ಬರಹದಲ್ಲಿಲ್ಲ. ದಲಿತ ವಿಮರ್ಶೆಯ ಬಗ್ಗೆ ಬರೆಯಿರೆಂದು ಈ ಸಂಚಿಕೆಗಾಗಿ ಕೇಳಿದಾಗ ಮೊದಲು ವಿಮರ್ಶೆಗೆ ಒಡ್ಡಬೇಕಾದ ಪಠ್ಯ ನನ್ನದೇ ಅನ್ನಿಸಿತು. ಎರಡನೆಯದು ಕಾಯ್ದೆ. ಎರಡೂ ಪಠ್ಯಗಳು ಆಕೆಯನ್ನು ಬಿಟ್ಟು ಆಕೆಯ ಬಗ್ಗೆ ಬರೆದುಕೊಂಡವು.

ಶಬ್ದದ ಬಗ್ಗೆ ಒಂದು ಮಾತು. ಕಾಯ್ದೆ 'ವೇಶ್ಯೆ' ಅನ್ನುತ್ತದೆ, ಸಂಘಟನೆಯವರು 'ಲೈಂಗಿಕ ಕಾರ್ಮಿಕೆ' ಅನ್ನುತ್ತಾರೆ, ಊರಿನವರು ಅನ್ನುವುದನ್ನು ಬರೆಯಬೇಕಾಗಿಲ್ಲ. ದೊಡ್ಡವ್ವ 'ಧಂದೆ' ಅನ್ನುತ್ತಿದ್ದಳು. ಸೊಪ್ಪು ಮಾರುವುದಕ್ಕೂ ಧಂದೆ, ಇದಕ್ಕೂ ಧಂದೆ. ನಾನೂ ಅದೇ ಶಬ್ದ ಇಟ್ಟುಕೊಳ್ಳುತ್ತೇನೆ.

2

ಮೈ ಮಾರುವುದೇ ಈ ದೇಶದಲ್ಲಿ ಅಪರಾಧ ಎಂದು ಹೋರಾಟದ ಗೆಳೆಯರೂ ಸೇರಿ ಬಹಳ ಜನ ತಿಳಿದಿದ್ದಾರೆ. ಕಾಯ್ದೆ ಹಾಗೆ ಹೇಳುವುದಿಲ್ಲ. 1956ರಲ್ಲಿ ಬಂದು 1986ರಲ್ಲಿ ಹೆಸರು ಬದಲಿಸಿಕೊಂಡ ಅನೈತಿಕ ಸಾಗಾಣಿಕೆ ತಡೆ ಕಾಯ್ದೆಯಲ್ಲಿ, ಠಾಣೆಯ ಭಾಷೆಯಲ್ಲಿ 'ಪೀಟಾ' ಅನ್ನುವ ಇದರಲ್ಲಿ, ವಯಸ್ಸಿಗೆ ಬಂದ ಹೆಂಗಸೊಬ್ಬಳು ತನ್ನ ಕೋಣೆಯಲ್ಲಿ ಒಬ್ಬಳೇ ಇದ್ದು ತನಗಾಗಿ ಧಂದೆ ಮಾಡಿದರೆ ಅದೊಂದೇ ಅಪರಾಧವೆನ್ನುವ ಕಲಮಿಲ್ಲ. ಅಪರಾಧವಿರುವುದು ಅದರ ಸುತ್ತ. ಧಂದೆಯನ್ನು ಮುಟ್ಟದೆ ಬದುಕನ್ನು ಮುಟ್ಟುವ ಕಾಯ್ದೆ ಇದು. ಒಂದೊಂದಾಗಿ ನೋಡೋಣ.

ಮೊದಲು ಮನೆ. ಒಂದು ಕೋಣೆಯಲ್ಲಿ ಇಬ್ಬರು ಹೆಂಗಸರು ಕೂಡಿ ಬಾಡಿಗೆ ಹಂಚಿಕೊಂಡು, ಇಬ್ಬರ ಲಾಭಕ್ಕಾಗಿ ಆ ಜಾಗವನ್ನು ಬಳಸಿದರೆ ಅದು ಕಾಯ್ದೆಯ ವ್ಯಾಖ್ಯೆಯಂತೆ 'ವೇಶ್ಯಾಗೃಹ'. ಕುಡಿದು ಬಂದವನು ಕೈಮಾಡಿದರೆ ಪಕ್ಕದಲ್ಲಿ ಇನ್ನೊಬ್ಬಳಿರಲಿ ಎಂಬುದಕ್ಕೆ ಕೂಡಿ ಇರುವುದು. ಆ ಕೂಡಿರುವಿಕೆಯೇ ಕೇಸು. ಗೊತ್ತಿದ್ದೂ ಅಂಥ ಬಳಕೆಗೆ ಮನೆ ಬಾಡಿಗೆಗೆ ಕೊಟ್ಟವನಿಗೂ ಶಿಕ್ಷೆಯಿದೆ. ಕೇಳಲು ಇದು ನ್ಯಾಯವಾಗಿಯೇ ಕಾಣುತ್ತದೆ. ನಡೆಯುವುದು ಬೇರೆ. ಮಾಲೀಕ ತನ್ನ ಹೆದರಿಕೆಯ ಬೆಲೆಯನ್ನು ಬಾಡಿಗೆಗೆ ಸೇರಿಸುತ್ತಾನೆ. ಕರಾರುಪತ್ರ ಇಲ್ಲ, ಪಾವತಿ ಇಲ್ಲ. ಪಾವತಿ ಇಲ್ಲವೆಂದ ಮೇಲೆ ವಿಳಾಸವಿಲ್ಲ, ವಿಳಾಸವಿಲ್ಲವೆಂದ ಮೇಲೆ ರೇಷನ್ ಕಾರ್ಡಿಲ್ಲ. "ಬಾಡಿಗಿ ಮನಿಗೆ ಕೊಡೂದಿಲ್ಲ ತಮ್ಮಾ, ಅಂವನ ಅಂಜಿಕಿಗೆ ಕೊಡತೀವಿ" ಎಂದು ದೊಡ್ಡವ್ವ ಅನ್ನುತ್ತಿದ್ದಳು. ಕಾನೂನು ಪಂಡಿತರು ಎಷ್ಟು ಪುಟ ಬರೆದರೂ ಇದಕ್ಕಿಂತ ಸರಿಯಾಗಿ ಹೇಳಲಾರರು.

ಎರಡನೆಯದು ಮಕ್ಕಳು. 4ನೇ ಕಲಮಿಗೆ ಒಂದು ಬಾಲವಿದೆ. ಹದಿನೆಂಟು ತುಂಬಿದವನು ಧಂದೆಯವಳ ಜೊತೆ ವಾಸಿಸುತ್ತಾನೆ, ಇಲ್ಲವೆ ಸದಾ ಆಕೆಯ ಸಂಗಡ ಇರುತ್ತಾನೆ ಎಂದು ರುಜುವಾದರೆ ಸಾಕು, ಆಕೆಯ ಗಳಿಕೆಯ ಮೇಲೆ ಬದುಕುತ್ತಾನೆಂದು ಭಾವಿಸತಕ್ಕದ್ದು. ಅಲ್ಲವೆಂದು ತೋರಿಸುವ ಭಾರ ಅವನದು. ತಲೆಹಿಡುಕರನ್ನು ಹಿಡಿಯಲು ಬರೆದದ್ದೆನ್ನುತ್ತಾರೆ. ಬಲೆಯ ಕಣ್ಣು ಎಷ್ಟು ಸಣ್ಣದೆಂದರೆ ತಾಯಿಯ ಜೊತೆಗಿರುವ ಮಗನೂ ಅದರಲ್ಲಿ ಸಿಗಬಹುದು. ಕೇಸು ಹಾಕಲೇಬೇಕೆಂದಿಲ್ಲ, ಹಾಕ್ತೀವಿ ಅಂದರೆ ಸಾಕು. ನಮ್ಮ ಕಡೆಯ ಒಂದು ಠಾಣೆಯಲ್ಲಿ, ಹೆಸರು ಬೇಡ, ಇಪ್ಪತ್ತು ವರ್ಷದ ಹುಡುಗನನ್ನು ಒಂದು ರಾತ್ರಿ ಕೂಡಿಸಿಕೊಂಡಿದ್ದರು. ತಾಯಿ ಮೂಗಿನ ನತ್ತು ಒತ್ತೆಯಿಟ್ಟು ಬಿಡಿಸಿಕೊಂಡು ಬಂದಳು. ಯಾವ ಡೈರಿಯಲ್ಲೂ ಆ ರಾತ್ರಿ ದಾಖಲಾಗಿಲ್ಲ. ಮರುವಾರ ಆ ಹುಡುಗ ಕಾಲೇಜು ಬಿಟ್ಟು ಪುಣೆಗೆ ಗೌಂಡಿ ಕೆಲಸಕ್ಕೆ ಹೋದ. ತಾಯಿಯ ಜೊತೆಗಿದ್ದರೆ ತಾಯಿಗೇ ಕಂಟಕ ಎಂದು ಅವನು ತಿಳಿದುಕೊಂಡ.

ಮೂರನೆಯದು ರಸ್ತೆ. 8ನೇ ಕಲಮು ಗಿರಾಕಿಯನ್ನು ಕರೆಯುವುದನ್ನು ಅಪರಾಧವೆನ್ನುತ್ತದೆ. ಮಾತು, ಸನ್ನೆ, ಕಿಟಕಿಯಲ್ಲಿ ಕಾಣುವಂತೆ ಕೂಡುವುದು ಎಲ್ಲವೂ ಅದರಲ್ಲಿ ಬರುತ್ತವೆ. ಮೊದಲ ಸಲ ಸಿಕ್ಕರೆ ಆರು ತಿಂಗಳವರೆಗೆ ಸಜೆ ಇಲ್ಲವೆ ಐದುನೂರು ರೂಪಾಯಿವರೆಗೆ ದಂಡ. ಇದೇ ತಪ್ಪನ್ನು ಗಂಡಸು ಮಾಡಿದರೆ? 1986ರ ತಿದ್ದುಪಡಿಯಲ್ಲಿ ಅದಕ್ಕೂ ಉತ್ತರವಿದೆ: ಕನಿಷ್ಠ ಏಳು ದಿನ, ಹೆಚ್ಚೆಂದರೆ ಮೂರು ತಿಂಗಳು. ಒಂದೇ ಸನ್ನೆಗೆ ಎರಡು ತೂಕ. ದಿನದ ಲೆಕ್ಕದಲ್ಲಿ ಇದು ಹೀಗೆ ನಡೆಯುತ್ತದೆ: ತಿಂಗಳ ಕೊನೆಗೆ ಬಸ್‌ಸ್ಟ್ಯಾಂಡಿನಿಂದ ನಾಲ್ಕು ಜನರನ್ನು ಎತ್ತುತ್ತಾರೆ. ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡರೆ ಆ ದಿನವೇ ಬಿಡುಗಡೆ, ವಾದ ಮಾಡಿದರೆ ಹತ್ತು ವಾಯಿದೆ. ಹತ್ತು ವಾಯಿದೆಗೆ ಹತ್ತು ದಿನದ ಗಳಿಕೆ ಹೋಗುತ್ತದೆ. ಹೀಗಾಗಿ ಎಲ್ಲರೂ ಒಪ್ಪಿಕೊಳ್ಳುತ್ತಾರೆ. ದಂಡ ಕಟ್ಟಲು ಸಾಲ, ಸಾಲ ತೀರಿಸಲು ಮತ್ತೆ ಅದೇ ಬಸ್‌ಸ್ಟ್ಯಾಂಡು. ಧಂದೆ ತಡೆಯಲು ಬಂದ ಕಾಯ್ದೆ ಆ ರಾತ್ರಿ ಧಂದೆ ಮಾಡಲೇಬೇಕಾದ ಕಾರಣವನ್ನು ಆಕೆಯ ಸೆರಗಿಗೆ ಕಟ್ಟಿ ಕಳಿಸುತ್ತದೆ.

ನಾಲ್ಕನೆಯದು ಊರು. ಇಲ್ಲಿ ದಲಿತ ಓದುಗ ತಡೆದು ನಿಲ್ಲಬೇಕು. 20ನೇ ಕಲಮಿನಂತೆ ಮ್ಯಾಜಿಸ್ಟ್ರೇಟರು ಧಂದೆಯವಳನ್ನು ತಮ್ಮ ಸರಹದ್ದಿನ ಒಂದು ಜಾಗದಿಂದ ಹೊರಗೆ ಹೋಗೆಂದು, ಮರಳಿ ಬರಬೇಡವೆಂದು ಆಜ್ಞೆ ಮಾಡಬಹುದು. ನಾಗರಿಕರು ಎಲ್ಲಿ ಬೇಕಾದರೂ ಇರಬಹುದೆಂಬ ಹಕ್ಕಿಗೆ ಇದು ವಿರುದ್ಧ ಎಂಬ ವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1964ರಲ್ಲಿ ಉತ್ತರ ಪ್ರದೇಶದ ಒಂದು ಮೊಕದ್ದಮೆಯಲ್ಲಿ ಕೋರ್ಟು ಕಲಮನ್ನು ಎತ್ತಿಹಿಡಿಯಿತು. ಊರ ಹೊರಗೆ ಇರು, ಕರೆದಾಗ ಬಾ, ಕೆಲಸ ಮುಗಿದ ಮೇಲೆ ಕಾಣಬೇಡ. ಈ ವಾಕ್ಯವನ್ನು ನಾವು ಮೊದಲು ಕೇಳಿದ್ದು ಯಾವ ಕೋರ್ಟಿನಲ್ಲೂ ಅಲ್ಲ. ನಮ್ಮ ಕೇರಿಗಳು ಎಲ್ಲಿವೆ ಎಂದು ನೋಡಿದರೆ ಸಾಕು.

ಇನ್ನೊಂದು ಸಣ್ಣ ಶಬ್ದ. ದಾಳಿ ಮಾಡುವ ಅಧಿಕಾರಿ ಆ ಪ್ರದೇಶದ ಇಬ್ಬರು 'ಗೌರವಸ್ಥ' ನಿವಾಸಿಗಳನ್ನು ಸಾಕ್ಷಿಗೆ ಕರೆಯಬೇಕು, ಅವರಲ್ಲಿ ಒಬ್ಬರಾದರೂ ಹೆಂಗಸಿರಬೇಕು ಎಂದು 15ನೇ ಕಲಮು ಹೇಳುತ್ತದೆ. ಗೌರವಸ್ಥರು ಯಾರು? ಕಾಯ್ದೆ ವಿವರಿಸಿಲ್ಲ. ವಿವರಿಸುವ ಅಗತ್ಯ ಬೀಳಲಿಲ್ಲ. ಎಲ್ಲರಿಗೂ ಗೊತ್ತಿದೆಯೆಂಬ ನಂಬಿಕೆ. ಇಡೀ ಕಾಯ್ದೆಯಲ್ಲಿ ಜಾತಿ ಎಂಬ ಮಾತಿಲ್ಲ. ಅದು ಇಂಥ ವಿವರಿಸದ ಶಬ್ದಗಳ ಒಳಗೆ ಕೂತಿರುತ್ತದೆ.

3

7ನೇ ಕಲಮು ಒಂದು ಅಳತೆ ಕೊಡುತ್ತದೆ. ದೇವಸ್ಥಾನ, ಶಾಲೆ, ಹಾಸ್ಟೆಲ್, ಆಸ್ಪತ್ರೆಗಳಿಂದ ಇನ್ನೂರು ಮೀಟರಿನ ಒಳಗೆ ಧಂದೆ ಮಾಡಿದರೆ ಶಿಕ್ಷೆ. ಇದನ್ನು ನಾನು ದೊಡ್ಡವ್ವನಿಗೆ ಓದಿ ಹೇಳಿದಾಗ ಆಕೆ ನಕ್ಕಿದ್ದು ನೆನಪಿದೆ. "ನನಗ ಮುತ್ತು ಕಟ್ಟಿದ್ದು ಗುಡಿ ಮುಂದ. ಆವಾಗ ಯಾರೂ ಟೇಪು ಹಿಡಕೊಂಡು ಬರಲಿಲ್ಲಲ್ಲೋ."

ಆಕೆಯ ಮಾತಿನಲ್ಲಿ ಎರಡು ಕಾಯ್ದೆಗಳ ನಡುವಿನ ಬಿರುಕಿದೆ. ದೇವದಾಸಿ ಬಿಡುವುದನ್ನು ನಿಷೇಧಿಸಿ ಮುಂಬಯಿ ಪ್ರಾಂತದಲ್ಲಿ 1934ರಲ್ಲೇ ಕಾಯ್ದೆ ಬಂತು, ಮದ್ರಾಸಿನಲ್ಲಿ 1947ರಲ್ಲಿ. ಕರ್ನಾಟಕ ತನ್ನ ಕಾಯ್ದೆಯನ್ನು 1982ರಲ್ಲಿ ಮಾಡಿತು, ಅದು 1984ರಲ್ಲಿ ಜಾರಿಗೆ ಬಂತು. ಈ ಕಾಯ್ದೆಗಾಗಿ ಒತ್ತಾಯಿಸಿದವರಲ್ಲಿ ನಮ್ಮ ಚಳವಳಿಯವರೂ ಇದ್ದರು. ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ಹೆಮ್ಮೆ ಓದನ್ನು ತಡೆಯಬಾರದು.

ಕಾಯ್ದೆ ಅಪರಾಧವೆಂದು ಗುರುತಿಸಿದ್ದು ಒಂದು ವಿಧಿಯನ್ನು. ಮುತ್ತು ಕಟ್ಟುವ, ಬಿಡುವ ಆಚರಣೆಯನ್ನು. ಅದರಲ್ಲಿ ಪಾಲ್ಗೊಂಡವರಿಗೆ ಮೂರು ವರ್ಷದವರೆಗೆ ಸಜೆ. ಪಾಲ್ಗೊಂಡವರು ತಂದೆತಾಯಿ, ಪೋಷಕರು, ಸಂಬಂಧಿಕರಾಗಿದ್ದರೆ ಎರಡು ವರ್ಷಕ್ಕೆ ಕಡಿಮೆ ಇಲ್ಲದಂತೆ ಐದು ವರ್ಷದವರೆಗೆ. ಮುತ್ತು ಕಟ್ಟಿಸುವ ತಾಯಿ ಹೊಲೆಗೇರಿ, ಮಾದಿಗರ ಕೇರಿಯ ಕೂಲಿಯವಳು. ಮುತ್ತು ಕಟ್ಟಿದ ಮೇಲೆ ಆ ಹುಡುಗಿಯನ್ನು 'ಇಟ್ಟುಕೊಳ್ಳುವವನು' ಆ ವಿಧಿಯಲ್ಲಿ ಪಾಲ್ಗೊಂಡಿರುವುದಿಲ್ಲ. ಅವನು ಆ ಹೊತ್ತಿನಲ್ಲಿ ತನ್ನ ಮನೆಯ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತ ಕೂತಿರುತ್ತಾನೆ. ಕಾಯ್ದೆ ಮುತ್ತನ್ನು ಕಂಡಿತು. ಆ ಮನೆಗೆ ಅವನು ಕೊಟ್ಟ ಸಾಲವನ್ನು, ಅವನ ಹೊಲವನ್ನು, ಅವನ ಜಾತಿಯನ್ನು ಕಾಣಲಿಲ್ಲ. ಪರಿಣಾಮವಾಗಿ ಮುತ್ತು ಗುಡಿಯಿಂದ ಮನೆಯೊಳಕ್ಕೆ ಬಂತು, ಹಗಲಿನಿಂದ ರಾತ್ರಿಗೆ ಬಂತು, ಕೊರಳಿನಿಂದ ಸೆರಗಿನ ಒಳಗೆ ಬಂತು. ಉಧೋ ಅನ್ನುವ ದನಿ ತಗ್ಗಿತು.

ಲೆಕ್ಕ ನೋಡಿ. ಕಾಯ್ದೆ ಜಾರಿಗೆ ಬಂದು ಹತ್ತು ವರ್ಷದ ಮೇಲೆ, 1993-94ರ ಸರ್ಕಾರಿ ಸಮೀಕ್ಷೆ ರಾಜ್ಯದಲ್ಲಿ 22,873 ದೇವದಾಸಿಯರನ್ನು ಗುರುತಿಸಿತು. 2007-08ರ ಸಮೀಕ್ಷೆಯಲ್ಲಿ ಮತ್ತೆ 23,787 ಹೆಸರು ಸೇರಿದವು. ಈ ಪಟ್ಟಿಯಲ್ಲಿದ್ದವರಿಗೆ ಮಾಸಾಶನ, ಮನೆ, ಸಾಲ. ಪಟ್ಟಿಯ ಹೊರಗಿದ್ದವರು ಕಚೇರಿಯಿಂದ ಕಚೇರಿಗೆ ಅಲೆಯುವವರು. ಕಾಯ್ದೆ ಬಂದ ಮೇಲೆ ಮುತ್ತು ಕಟ್ಟಿಸಿಕೊಂಡವಳು ಪಟ್ಟಿ ಸೇರಲು ಹೋದರೆ ತನ್ನ ತಾಯಿಯ ಅಪರಾಧಕ್ಕೆ ತಾನೇ ಸಾಕ್ಷಿ ಹೇಳಿದಂತೆ. ಸೌಲಭ್ಯ ಕೇಳುವ ಅರ್ಜಿಯೇ ತಪ್ಪೊಪ್ಪಿಗೆಯಾಗುವ ಇಂಥ ಬರಹ ಪ್ರಕಾರ ಇನ್ನೊಂದಿಲ್ಲ. ಅಂಥ ಅರ್ಜಿಗಳನ್ನು ನಾನು ಎಷ್ಟೋ ಬರೆದುಕೊಟ್ಟಿದ್ದೇನೆ. ಪ್ರತಿ ಅರ್ಜಿಯಲ್ಲೂ ಒಂದು ಕಾಲಂ ಬಳಿ ಪೆನ್ನು ನಿಲ್ಲುತ್ತಿತ್ತು: ತಂದೆ ಅಥವಾ ಗಂಡನ ಹೆಸರು. ಒಬ್ಬಾಕೆ ಹೇಳಿದಳು, "ಎಲ್ಲಮ್ಮ ಅಂತ ಬರೀರಿ ಅಣ್ಣಾ. ಗಂಡನೂ ಆಕಿನ, ಅಪ್ಪನೂ ಆಕಿನ." ಬರೆದೆ. ಗುಮಾಸ್ತ ಕೆಂಪು ಗೆರೆ ಎಳೆದು ವಾಪಸು ಕಳಿಸಿದ.

ನ್ಯಾಯಕ್ಕಾಗಿ ಇದನ್ನೂ ಹೇಳಬೇಕು. 2016ರ ಜನವರಿ 26ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ, ಪರಿಶಿಷ್ಟ ಜಾತಿ, ಪಂಗಡದ ಹೆಣ್ಣನ್ನು ದೇವದಾಸಿಯಾಗಿ ಬಿಡುವುದನ್ನು, ಅದಕ್ಕೆ ಕುಮ್ಮಕ್ಕು ಕೊಡುವುದನ್ನು ದೌರ್ಜನ್ಯ ತಡೆ ಕಾಯ್ದೆಯಡಿ ತರಲಾಯಿತು. ಆ ಕಾಯ್ದೆ ಹಿಡಿಯುವುದು ಈ ಜಾತಿ ಪಂಗಡಗಳಿಗೆ ಸೇರದವರನ್ನು. ಅಂದರೆ ಬೆರಳು ಮೊದಲ ಬಾರಿಗೆ ಕೇರಿಯ ತಾಯಿಯಿಂದ ಆಚೆಗೆ ತಿರುಗಿತು. 2025ರ ಆಗಸ್ಟ್‌ನಲ್ಲಿ ಕರ್ನಾಟಕದ ವಿಧಾನಮಂಡಲ ಅಂಗೀಕರಿಸಿದ ಹೊಸ ಮಸೂದೆ, ದೇವದಾಸಿಯರ ಮಕ್ಕಳಿಗೆ ತಂದೆಯ ಹೆಸರು ಕಡ್ಡಾಯವಲ್ಲವೆಂದಿತು. ಜೊತೆಗೆ, ತಂದೆ ಯಾರೆಂದು ಸ್ಥಾಪಿಸಿಕೊಳ್ಳಲು ಮಕ್ಕಳಿಗೆ ದಾರಿಯನ್ನೂ ತೆರೆಯಿತು. ನಲವತ್ತು ವರ್ಷಗಳ ಮೇಲಾದರೂ ಕಟ್ಟೆಯ ಮೇಲೆ ಕೂತವನ ಹೆಸರು ಕಾಗದಕ್ಕೆ ಬರಬಹುದಾಗಿದೆ. ಆದರೆ ತಾಲೂಕಿನ ಅದೇ ಮೇಜಿನ ಆಚೆ ಕೂತವನು ಯಾರು ಎಂಬುದರ ಮೇಲೆ ಎಲ್ಲ ನಿಂತಿದೆ.

4

ಇನ್ನು ಸಾಹಿತ್ಯ. ಕನ್ನಡದಲ್ಲಿ ಧಂದೆಯ ಹೆಂಗಸು ತಾನೇ ಮಾತಾಡಿದ ಪಠ್ಯ ಹುಡುಕಿದರೆ ಹನ್ನೆರಡನೇ ಶತಮಾನಕ್ಕೆ ಹೋಗಬೇಕು. ಸೂಳೆ ಸಂಕವ್ವೆ. ನಿರ್ಲಜ್ಜೇಶ್ವರ ಎಂಬ ಅಂಕಿತ. ಸಿಕ್ಕಿರುವುದು ಒಂದೇ ವಚನ. ಅದನ್ನು ನಮಗೆ ಏಕನಿಷ್ಠೆಯ ವಚನವೆಂದು ಕಲಿಸಿದ್ದಾರೆ. ಒಬ್ಬನ ಮುಂಗಡ ಪಡೆದವಳು ಇನ್ನೊಬ್ಬನದನ್ನು ಮುಟ್ಟಲಾರಳು, ಹಾಗೆಯೇ ಒಬ್ಬನೇ ಶಿವ. ಸರಿ. ಆದರೆ ರೂಪಕವನ್ನು ದಾಟಿಕೊಂಡು ಹೋಗುವ ಅವಸರದಲ್ಲಿ ನಾವು ವಚನದ ಒಳಗಿನ ಶಿಕ್ಷೆಗಳನ್ನು ಓದಲಿಲ್ಲ. ಕರಾರು ಮುರಿದರೆ ಬಟ್ಟೆ ಬಿಚ್ಚಿಸಿ ಕೊಲ್ಲುವರು, ವ್ರತವಿಲ್ಲದವನ ಜೊತೆ ಕೂಡಿದರೆ ಕಾಯಿಸಿದ ಅಲಗಿನಿಂದ ಅಂಗಾಂಗ ಕತ್ತರಿಸುವರು ಎಂದು ಆಕೆ ಹೇಳುತ್ತಾಳೆ. ಎಲ್ಲ ಶಿಕ್ಷೆಯೂ ಆಕೆಯ ಮೈಗೆ. ಎರಡನೇ ಮುಂಗಡ ಕೊಟ್ಟವನಿಗೆ ಏನು? ವ್ರತ ಕೆಟ್ಟವನಿಗೆ ಏನು? ವಚನ ಸುಮ್ಮನಿದೆ, ಏಕೆಂದರೆ ಆಕೆಯ ಲೋಕ ಸುಮ್ಮನಿತ್ತು. ಎಂಟುನೂರು ವರ್ಷಗಳ ಆಚೆಯ ಆ ಸಾಲುಗಳ ಪಕ್ಕ 8ನೇ ಕಲಮನ್ನಿಟ್ಟು, ಆಕೆಗೆ ಆರು ತಿಂಗಳು, ಅವನಿಗೆ ಮೂರು ಎಂಬುದನ್ನು ನೋಡಿ. ಸಂಕವ್ವೆಯ ವಚನ ನನಗೆ ಭಕ್ತಿಯಷ್ಟೇ ಅಲ್ಲ, ದಿನದ ಬದುಕಿನ ದಾಖಲೆಯೂ ಹೌದು. ಆದರೂ ಒಂದು ದೊಡ್ಡ ಅಂತರವಿದೆ. ಅಲ್ಲಿ ತನ್ನ ಕಾಯಕದ ಕಟ್ಟಳೆಯನ್ನು ಆಕೆಯೇ ಉಚ್ಚರಿಸುತ್ತಾಳೆ, ನಿರ್ಲಜ್ಜೆಯನ್ನು ದೇವರ ಹೆಸರಾಗಿಸುತ್ತಾಳೆ. 1956ರ ಪಠ್ಯದಲ್ಲಿ ಆಕೆಗೆ ಬಾಯಿಲ್ಲ.

ಆಧುನಿಕ ಕನ್ನಡದ ದೊಡ್ಡವರು ಈ ವಸ್ತುವನ್ನು ಮುಟ್ಟಲಿಲ್ಲವೆಂದಲ್ಲ. ಅ.ನ.ಕೃ. 'ನಗ್ನಸತ್ಯ', 'ಶನಿಸಂತಾನ', 'ಸಂಜೆಗತ್ತಲು' ಬರೆದರು. ಅಶ್ಲೀಲವೆಂದು ಗದ್ದಲವೆದ್ದಾಗ 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಬರೆದು ವಾದಿಸಿದರು. ಕಾರಂತರ 'ಮೈಮನಗಳ ಸುಳಿಯಲ್ಲಿ' ಮಂಜುಳೆಯೆಂಬ ಗಣಿಕೆಯ ಒಳಗನ್ನು ಗೌರವದಿಂದ ಕಂಡಿತು. ಇವರ ಧೈರ್ಯವನ್ನು ನಾನು ಕಡಿಮೆ ಮಾಡುವುದಿಲ್ಲ. ಆದರೆ ಅ.ನ.ಕೃ. ಸುತ್ತ ಎದ್ದ ಆ ಗದ್ದಲವನ್ನು ಇವತ್ತು ಓದಿದರೆ, ಅಲ್ಲಿ ಚರ್ಚೆಯಾದದ್ದು ಓದುಗನ ಮನಸ್ಸು ಕೆಡುತ್ತದೆಯೇ ಎಂಬುದು. ಆ ಹೆಂಗಸಿನ ಬಾಡಿಗೆ ಎಷ್ಟು, ಜಾಮೀನು ಕೊಟ್ಟವರು ಯಾರು ಎಂದು ಪರವಾದವರೂ ಕೇಳಲಿಲ್ಲ, ವಿರೋಧಿಗಳೂ ಕೇಳಲಿಲ್ಲ. ಗೌರವಸ್ಥ ನಿವಾಸಿಗಳು ತಮ್ಮ ತಮ್ಮಲ್ಲೇ ಮಾತಾಡಿಕೊಂಡ ಜಗಳ ಅದು.

ಇನ್ನು ನಮ್ಮವರು. ನಮ್ಮ ಬಂಡಾಯದ ಪದ್ಯಗಳಲ್ಲಿ ಮುತ್ತು ಕಟ್ಟಿಸಿಕೊಂಡ ಅಕ್ಕ ತಂಗಿಯರು ಬಂದರು, ಸಿಟ್ಟಿನ ಕಿಡಿಗಳಾಗಿ ಬಂದರು. ಆ ಸಿಟ್ಟು ಬೇಕಿತ್ತು. ಆದರೆ ಬಹಳಷ್ಟು ಪದ್ಯಗಳಲ್ಲಿ ಆಕೆ ನಮ್ಮ ಅವಮಾನದ ಗುರುತಾಗಿ ನಿಂತಳು. ಅವಮಾನ ಆಕೆಯದಾಗಿರಲಿಲ್ಲ, ಆಕೆಯನ್ನು ನೋಡಿ ನಮಗಾದದ್ದಾಗಿತ್ತು. 'ಅಕ್ಕನ ಮಾನ' ಎಂದು ನಾವು ಬರೆದಾಗ ಅಕ್ಕ ಸಾಂಗ್ಲಿಯಲ್ಲಿ ದಂಡದ ಪಾವತಿ ಹಿಡಿದು ಕೂತಿದ್ದಳು. ನನ್ನ ಬರಹ ಅದಕ್ಕಿಂತ ಕೆಳಗಿನದು. ನಾನು ಆಕೆಯನ್ನು ಗುರುತಾಗಿಯೂ ತರಲಿಲ್ಲ.

5

ಇಲ್ಲಿಗೆ ಬಂದ ಮೇಲೆ ಬಾಬಾಸಾಹೇಬರ ಎದುರು ನಿಲ್ಲಲೇಬೇಕು. 1936ರ ಜೂನ್‌ನಲ್ಲಿ, ಹಿಂದೂವಾಗಿ ಸಾಯಲಾರೆನೆಂದು ಯೇವಲೆಯಲ್ಲಿ ಸಾರಿದ ಮಾರನೇ ವರ್ಷ, ಮುಂಬಯಿಯ ಪರೇಲಿನಲ್ಲಿ ಅವರು ದೇವದಾಸಿ, ಜೋಗತಿ, ಪೋತರಾಜರ ಸಭೆಯಲ್ಲಿ ಮಾತಾಡಿದರು. ಕಾಮಾಠಿಪುರದ ಮಹಾರ್ ಹೆಣ್ಣುಮಕ್ಕಳಿಗೆ ಅವರು ಹೇಳಿದ್ದು ಕಠೋರವಾಗಿದೆ: ನಿಮ್ಮ ಬದುಕು ಸಮುದಾಯಕ್ಕೆ ಕಳಂಕ, ಇದನ್ನು ಬಿಟ್ಟು ನಮ್ಮ ಜೊತೆ ಬನ್ನಿ, ಬಿಡದಿದ್ದರೆ ನಮಗೂ ನಿಮಗೂ ಸಂಬಂಧವಿಲ್ಲ ಎಂಬ ಅರ್ಥದ ಮಾತು. ಇವತ್ತಿನ ಕೆಲವರು ಇದನ್ನು ಓದಿ ಅಂಬೇಡ್ಕರರೂ ಮರ್ಯಾದಸ್ಥರ ಭಾಷೆಯನ್ನೇ ಆಡಿದರು ಅನ್ನುತ್ತಾರೆ. ಇನ್ನು ಕೆಲವರು ಇದನ್ನೇ ಹಿಡಿದು ಧಂದೆಯವರ ಸಂಘಟನೆಗಳ ಮುಖಕ್ಕೆ ಎಸೆಯುತ್ತಾರೆ.

ನನಗೆ ಆ ಭಾಷಣದಲ್ಲಿ ಎರಡು ಕ್ರಿಯಾಪದಗಳು ಕಾಣುತ್ತವೆ. ಬಿಡಿ. ಬನ್ನಿ. ಮೊದಲನೆಯದನ್ನು ಹೇಳಿದ್ದು ಆ ಹೆಂಗಸರಿಗೆ. ಎರಡನೆಯದರ ಹೊಣೆ ಬಿದ್ದದ್ದು ಸಮುದಾಯದ ಮೇಲೆ. ಬನ್ನಿ ಎಂದವರು ಜಾಗ ಮಾಡಿಕೊಡಬೇಕು. ಕಾಯ್ದೆಗಳು ಮೊದಲನೆಯ ಕ್ರಿಯಾಪದವನ್ನು ಮಾತ್ರ ಎತ್ತಿಕೊಂಡವು. ನಾವೂ ಅಷ್ಟೆ.

ಬಿಡಿ ಎಂಬುದು ಬನ್ನಿ ಎಂಬುದಿಲ್ಲದೆ ಒಂಟಿಯಾಗಿ ಜಾರಿಗೆ ಬಂದರೆ ಹೇಗಿರುತ್ತದೆ ಎಂಬುದನ್ನು ಗೋವಾದ ಬೈನಾದಲ್ಲಿ ಕಂಡೆವು. ವಾಸ್ಕೋದ ಸಮುದ್ರದಂಡೆಯ ಆ ವಸತಿಯನ್ನು 2004ರ ಜೂನ್‌ನಲ್ಲಿ, ಮಳೆಗಾಲದ ನಡುವೆ, ಸರ್ಕಾರ ಬುಲ್ಡೋಜರ್ ಹಚ್ಚಿ ಕೆಡವಿತು. ಅಲ್ಲಿದ್ದವರಲ್ಲಿ ನಮ್ಮ ರಾಜ್ಯದಿಂದ, ಆಂಧ್ರದಿಂದ ಹೋದ ಹೆಣ್ಣುಮಕ್ಕಳು ಬಹಳ. ಪುನರ್ವಸತಿ ಎಂಬ ಶಬ್ದ ಕಾಗದದಲ್ಲಿತ್ತು, ತಲೆಯ ಮೇಲೆ ಸೂರಿರಲಿಲ್ಲ. ಧಂದೆ ನಿಲ್ಲಲಿಲ್ಲ, ಚದುರಿತು. ಒಟ್ಟಿಗಿದ್ದಾಗ ಒಬ್ಬರಿಗೊಬ್ಬರು ಆಸರೆಯಾಗಿದ್ದವರು ಒಂಟಿಯಾದರು. 'ಕನ್ನಡಿಗರ ಮೇಲೆ ಅನ್ಯಾಯ'ವಾದಾಗ ಬೀದಿಗಿಳಿಯುವ ನಾಡಿನಲ್ಲಿ ಇವರೂ ಕನ್ನಡಿಗರು ಎಂದು ಎಷ್ಟು ದನಿ ಎದ್ದವೆಂದು ಓದುಗರೇ ನೆನಪಿಸಿಕೊಳ್ಳಲಿ.

ಈಗ ನಮ್ಮೊಳಗಿನ ಜಗಳ. ದಲಿತ ಸ್ತ್ರೀವಾದಿ ಗೆಳತಿಯರು ಕೇಳುತ್ತಾರೆ: ಮೇಲ್ಜಾತಿಯ ಗಂಡಸರಿಗಾಗಿ ಕೆಳಜಾತಿಯ ಹೆಣ್ಣನ್ನು ದೇವರ ಹೆಸರಿನಲ್ಲಿ ಮೀಸಲಿಟ್ಟ ಈ ವ್ಯವಸ್ಥೆಯನ್ನು 'ಕೆಲಸ' ಎಂದು ಹೇಗೆ ಕರೆಯುತ್ತೀರಿ? ಜಾಡಮಾಲಿಯನ್ನೂ ಕೆಲಸವೆಂದು ಕರೆದೇ ನಮ್ಮನ್ನು ಅಲ್ಲಿ ಇಟ್ಟರಲ್ಲವೆ? ಈ ಪ್ರಶ್ನೆಗೆ ನನ್ನಲ್ಲಿ ಎದುರುತ್ತರವಿಲ್ಲ. ಇನ್ನೊಂದು ಕಡೆ ಸಾಂಗ್ಲಿಯಲ್ಲೇ 1996ರಲ್ಲಿ ಧಂದೆಯ ಹೆಂಗಸರು ತಮ್ಮದೇ ಸಂಘ ಕಟ್ಟಿಕೊಂಡರು: ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್. ಹೆಸರಿನಲ್ಲೇ ಅನ್ಯಾಯವೂ ಇದೆ, ಮುಕ್ತಿಯೂ ಇದೆ. ನಿಪ್ಪಾಣಿಯವರೆಗೆ ಅದರ ಕೆಲಸವಿದೆ, ನಮ್ಮ ಮಾತಾಡುವ ಹೆಂಗಸರು ಅದರಲ್ಲಿದ್ದಾರೆ. ಅವರು ಹೇಳುವುದು: ನಮ್ಮನ್ನು ಉಳಿಸುವವರಿಂದ ನಮ್ಮನ್ನು ಉಳಿಸಿ.

ಮೊದಲನೆಯವರ ಮಾತು ಧಂದೆಗೆ ಹೇಗೆ ಬಂದರು ಎಂಬುದರ ಬಗ್ಗೆ. ಎರಡನೆಯವರ ಮಾತು ಇವತ್ತು ರಾತ್ರಿ ಹೇಗೆ ಬದುಕಬೇಕು ಎಂಬುದರ ಬಗ್ಗೆ. ಎರಡನ್ನೂ ಒಂದೇ ಪ್ರಶ್ನೆಯೆಂದು ತಿಳಿದು ನಾವು ವರ್ಷಗಟ್ಟಲೆ ಕಚ್ಚಾಡಿದ್ದೇವೆ. ಮುತ್ತು ಕಟ್ಟುವುದು ನಿಲ್ಲಬೇಕು, ಕಟ್ಟಿಸಿಕೊಂಡವನ ಹೊಲ ಪ್ರಶ್ನೆಗೆ ಬರಬೇಕು. ಇದು ಜಾತಿವಿನಾಶದ ಕೆಲಸ. ಆದರೆ ಈಗಾಗಲೇ ಆ ಕೋಣೆಯಲ್ಲಿರುವ ಹೆಂಗಸಿನ ಬಾಡಿಗೆ, ಮಗ, ರಸ್ತೆ, ಊರುಗಳ ಮೇಲೆ ಪೊಲೀಸಿನ ಕೈ ಇಡುವುದು ಯಾವ ಜಾತಿವಿನಾಶ? ಜಾಡಮಾಲಿ ಪದ್ಧತಿ ಹೋಗಬೇಕೆಂದವರು ಮಲ ಹೊರುವವನನ್ನು ಲಾಕಪ್ಪಿಗೆ ಹಾಕಿ ಎಂದು ಎಂದೂ ಕೇಳಲಿಲ್ಲ. ಆ ಪದ್ಧತಿ ನಿಷೇಧಿಸಿದ ಕಾಯ್ದೆ ಶಿಕ್ಷಿಸುವುದು ಹೊರಿಸಿದವನನ್ನು. ಧಂದೆಯ ಹೆಂಗಸಿಗೆ ಮಾತ್ರ ಬೇರೆ ನ್ಯಾಯ ಯಾಕೆ ಎಂದು ನಾವೇ ನಮ್ಮನ್ನು ಕೇಳಿಕೊಳ್ಳಬೇಕು.

6

ಕೋಲ್ಕತ್ತದಲ್ಲಿ 1999ರಲ್ಲಿ ಕೊಲೆಯಾದ ಧಂದೆಯ ಹೆಂಗಸೊಬ್ಬಳ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಬಂತು. 2011ರಲ್ಲಿ ಕೊಲೆಗಾರನ ಮೇಲ್ಮನವಿ ವಜಾ ಆದ ಮೇಲೂ ಕೋರ್ಟು ಆ ಕಡತ ಮುಚ್ಚದೆ ಇಂಥವರ ಬದುಕಿನ ಪ್ರಶ್ನೆಯನ್ನು ಎತ್ತಿಕೊಂಡಿತು. 2022ರ ಮೇ 19ರಂದು ನಿರ್ದೇಶನಗಳು ಬಂದವು. ಘನತೆಯ ಬದುಕು ಇವರಿಗೂ ಇದೆ. ಧಂದೆಯಲ್ಲಿದ್ದಾಳೆಂಬ ಕಾರಣಕ್ಕೆ ತಾಯಿಯಿಂದ ಮಗುವನ್ನು ಬೇರೆ ಮಾಡಬಾರದು. ನಿರೋಧ್ ಇಟ್ಟುಕೊಂಡದ್ದನ್ನು ಅಪರಾಧಕ್ಕೆ ಪುರಾವೆಯೆಂದು ಕಾಣಬಾರದು. ವಿಳಾಸದ ಪುರಾವೆ ಇಲ್ಲದಿದ್ದರೂ ಆಧಾರ್ ಕೊಡಬೇಕು. ಇದನ್ನು ಓದಿದಾಗ ನನಗೆ ಮೊದಲು ತೋಚಿದ್ದು, ಬೇಡವೆಂದು ಹೇಳಲಾದ ಇವೆಲ್ಲ ಅಲ್ಲಿಯವರೆಗೆ ದಿನಾ ನಡೆಯುತ್ತಿದ್ದವು ಎಂಬುದು. ನಿರ್ದೇಶನಗಳ ಪಟ್ಟಿ ಒಂದು ತಪ್ಪೊಪ್ಪಿಗೆಯೂ ಹೌದು. ಪ್ರಭುತ್ವದ ತಪ್ಪೊಪ್ಪಿಗೆ, ಮೊದಲ ಸಲ. ಆದರೆ 4, 8, 20ನೇ ಕಲಮುಗಳು ಪುಸ್ತಕದಲ್ಲಿ ಹಾಗೇ ಇವೆ. ಠಾಣೆಯಲ್ಲಿ ಗೋಡೆಗೆ ತೂಗುವುದು ಕಲಮು, ನಿರ್ದೇಶನವಲ್ಲ.

ದೊಡ್ಡವ್ವ ಆ ಆದೇಶ ನೋಡಲಿಲ್ಲ. ಅದಕ್ಕೂ ಮೊದಲೇ ವಯಸ್ಸಾಗಿ ಊರಿಗೆ ಮರಳಿದ್ದಳು. ನಮ್ಮ ರೇಷನ್ ಕಾರ್ಡಿನಲ್ಲಿ ತನ್ನ ಹೆಸರು ಸೇರಿಸೆಂದು ಒಂದೇ ಒಂದು ಬೇಡಿಕೆ ಇಟ್ಟಳು. ಆಗ ನಾನು ನೌಕರಿಯಲ್ಲಿದ್ದೆ, ಭಾಷಣ ಮಾಡುತ್ತಿದ್ದೆ, ದೇವದಾಸಿ ಪದ್ಧತಿಯ ಬಗ್ಗೆ ಪ್ರಬಂಧ ಮಂಡಿಸಿದ್ದೆ. ನನ್ನ ಮಗಳಿಗೆ ಗಂಡು ನೋಡುತ್ತಿದ್ದ ಕಾಲ ಅದು. ಮನೆಯಲ್ಲಿ, "ಸ್ವಲ್ಪ ದಿನ ತಡೀರಿ, ಮದುವಿ ಆಗಲಿ" ಅಂದರು. ನಾನೂ ತಡೆದೆ. ಆಕೆ ಕೇರಿಯ ಕೊನೆಯ ತಗಡಿನ ಮನೆಯಲ್ಲಿದ್ದಳು. ಮದುವೆಯ ಹಂದರದಿಂದ ಅಲ್ಲಿಗೆ ಎಷ್ಟು ದೂರವಿತ್ತೆಂದು ಈಗ ಅಳೆದು ನೋಡುತ್ತೇನೆ. ಹೆಚ್ಚುಕಡಿಮೆ ಇನ್ನೂರು ಮೀಟರು. ಈ ದೂರವನ್ನು ಬರೆದದ್ದು ಯಾವ ಶಾಸನಸಭೆಯೂ ಅಲ್ಲ, ನಾನು.

ಬಿಡು ಎಂದು ಆಕೆಗೆ ಹೇಳುವ ಕೆಲಸ ಉಳಿದಿರಲಿಲ್ಲ, ಆಕೆ ಬಿಟ್ಟು ಬಂದಿದ್ದಳು. ಬಾ ಎಂಬ ಶಬ್ದ ನನ್ನ ಬಾಯಿಂದ ಬರಬೇಕಿತ್ತು.

ದಲಿತ ವಿಮರ್ಶೆ ಇನ್ನೊಬ್ಬರ ಪಠ್ಯಗಳಲ್ಲಿ ನಾವು ಎಲ್ಲಿ ಕಾಣೆಯಾಗಿದ್ದೇವೆಂದು ಹುಡುಕುತ್ತ ಬೆಳೆಯಿತು. ಅದು ಮುಂದುವರಿಯಬೇಕು. ಆದರೆ ನಮ್ಮ ಪಠ್ಯಗಳಲ್ಲಿ ನಾವೇ ಕಾಣೆ ಮಾಡಿದವರ ಲೆಕ್ಕವನ್ನೂ ಅದೇ ಕಟುತನದಿಂದ ತೆಗೆಯದಿದ್ದರೆ ನಮ್ಮ ಓದಿಗೂ ಗೌರವಸ್ಥ ನಿವಾಸಿಗಳ ಸಾಕ್ಷಿಗೂ ಏನು ವ್ಯತ್ಯಾಸ? ನಿಮ್ಮಲ್ಲಿ ಹಲವರ ಫೀಸನ್ನೂ ಇಂಥ ದೊಡ್ಡವ್ವ, ಚಿಗವ್ವಗಳು ಕಟ್ಟಿರಬಹುದು. ಬರೆಯಿರಿ. ಹೆಸರು ಬರೆಯಬೇಕಿಲ್ಲ, ನಾನೂ ಬರೆದಿಲ್ಲ. ಹಣ ಎಲ್ಲಿಂದ ಬಂತೆಂದು ಬರೆಯಿರಿ.

ಆ ಹಳೆಯ ಲೇಖನ ಯಾರ ಬಳಿಯಾದರೂ ಇದ್ದರೆ ಒಂದು ತಿದ್ದುಪಡಿ ಮಾಡಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. 'ಅವ್ವ ಕಳೆ ಕಿತ್ತು ಫೀ ಕಟ್ಟಿದಳು' ಎಂದಿರುವಲ್ಲಿ ಹೀಗೆ ಓದಿಕೊಳ್ಳಿ: ಅವ್ವ ಕಳೆ ಕಿತ್ತು ಹೊಟ್ಟೆಗೆ ಹಾಕಿದಳು. ದೊಡ್ಡವ್ವ ಸಾಂಗ್ಲಿಯಲ್ಲಿ ಧಂದೆ ಮಾಡಿ ಫೀ ಕಟ್ಟಿದಳು.